ಆಕಾಶಕ್ಕೆ ಕಂಡ ಸಂಡಿಗೆ

ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದವರು ಅದರ ಪಕ್ಕದಲ್ಲಿ ಒಂದು ಕಪ್ಪು ಕೊಡೆಯನ್ನು ಬಿಚ್ಚಿಡುವುದು ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯ ಪದ್ಧತಿ. ಕಾಗೆಗೆ ಕಪ್ಪೆಂದರೆ ಭಯ ಎಂದು ಇದಕ್ಕೆ ಕಾರಣ ಕೊಡುತ್ತಾರೆ. ಕೊಕ್ಕಿನಿಂದ ಬಾಲದವರೆಗೆ ತಾನೇ ಕಪ್ಪಾಗಿರುವ ಪಕ್ಷಿ ಆ ಬಣ್ಣಕ್ಕೆ ಹೆದರುವುದಾದರೆ, ಬೆಳಗಾಗೆದ್ದು ತನ್ನ ಗೆಳೆಯರ ಮುಖವನ್ನು ಹೇಗೆ ನೋಡುತ್ತದೆಂಬ ಶಂಕೆ ನನಗೆ ಬಹಳ ವರ್ಷ ಇತ್ತು. ಕೊನೆಗೆ ನಾನೇ ಒಂದು ಸಿದ್ಧಾಂತವನ್ನು ಹೊಸೆದುಕೊಂಡೆ: ಕಾಗೆ ಕೊಡೆಗೆ ಹೆದರುವುದಿಲ್ಲ, ಕೊಡೆಯ ಕೆಳಗೆ ಯಾರೋ ಇದ್ದಾರೆಂದು ನಂಬಿ ಹೆದರುತ್ತದೆ. ಈ ಮಹತ್ತರ ಸಂಶೋಧನೆಯನ್ನು ನನ್ನ ಹೆಂಡತಿ ಇಂದಿರೆಗೆ ನಿವೇದಿಸಿದಾಗ ಅವಳು ಅರಳಿನ ಸಂಡಿಗೆ ಇಡುತ್ತಿದ್ದಳು. ತಲೆ ಎತ್ತದೆ, "ಹಂಗಾದ್ರ ನೀವೇ ಕೂಡ್ರಿ. ಕೊಡಿ ಯಾಕ ಬೇಕು?" ಎಂದಳು. ಸಿದ್ಧಾಂತಿಗಳು ಬಿಸಿಲಲ್ಲಿ ಕೂಡುವ ಜಾತಿಯಲ್ಲವಾದ್ದರಿಂದ ನಾನು ಕೊಡೆ ಬಿಚ್ಚಿಟ್ಟು ಕೆಳಗಿಳಿದು ಪತ್ರಿಕೆ ಓದಿದೆ.

ಅಚ್ಚರಿಯ ಚಪಲ ನನಗೆ ಮೊದಲಿನಿಂದಲೂ ಉಂಟು. ಊರಿನ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿ ಆಯುಷ್ಯದ ಬಹುಭಾಗವನ್ನು ಕಳೆದರೂ, ಸಂಧಿ ಸಂಗ್ರಾಮಗಳಿಗಿಂತ ಅವುಗಳ ಅಂಚಿನಲ್ಲಿ ಇಣುಕುವ ವಿಚಿತ್ರಗಳೇ ನನಗೆ ಪ್ರಿಯವಾಗಿದ್ದವು. ಯಾವ ಅರಸ ಯಾರನ್ನು ಗೆದ್ದನೆಂಬುದು ಮರೆತರೂ, ಗೆದ್ದವನ ಆನೆ ಮರಳುವಾಗ ಹೊಳೆಯ ನಡುವೆ ಮೊಂಡು ಹಿಡಿದು ಮಲಗಿತ್ತೆಂಬಂಥ ವಿವರ ಮರೆಯುತ್ತಿರಲಿಲ್ಲ. ಪತ್ರಿಕೆಯ ಮೂಲೆಯಲ್ಲಿ ಇಂಥದೇನಾದರೂ ಕಂಡರೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು ನನ್ನ ದಿನಚರಿ. ಕಡಲಿನ ತಳದ ಕತ್ತಲೆಯಲ್ಲಿ ತನ್ನ ಹಣೆಗೆ ತಾನೇ ದೀಪ ಕಟ್ಟಿಕೊಂಡು ಒಂಟಿಯಾಗಿ ತಿರುಗುವ ಮೀನೊಂದಿದೆ ಎಂದು ಒಮ್ಮೆ ಓದಿ ಹೇಳಿದೆ. ಇಂದಿರೆ ಅಕ್ಕಿಯ ಮೊರವನ್ನು ನಿಲ್ಲಿಸಿ, "ಇರ್ಲಿ ಬಿಡ್ರಿ ಪಾಪ, ಅದಕ್ಕೇನ್ ಕಷ್ಟನೋ" ಎಂದಳು. ನಾನು ಹೇಳಿದ ಅದ್ಭುತಗಳಿಗೆಲ್ಲ ಅವಳದು ಇದೊಂದೇ ತೀರ್ಪು. ಭೂತದ ಹಡಗಿಗೂ ಅದೇ, ಎರಡು ತಲೆಯ ಹಾವಿಗೂ ಅದೇ. ಲೋಕದ ವಿಕಾರಗಳನ್ನೆಲ್ಲ ನೆರೆಮನೆಯವರ ತಾಪತ್ರಯದಂತೆ ಕ್ಷಮಿಸಿಬಿಡುವ ಆ ಧೋರಣೆಯಿಂದ ನನ್ನ ಅದ್ಭುತದ ರೋಮಾಂಚ ಅರ್ಧಕ್ಕೆ ಇಳಿಯುತ್ತದೆಂದು ನಾನು ಗೊಣಗುತ್ತಿದ್ದೆ.

ಮಕ್ಕಳಿಲ್ಲದ ಮನೆಯಲ್ಲಿ ಮಾತೆಂಬುದು ಇಬ್ಬರೇ ಆಡುವ ಆಟ. ಒಂದು ಮಳೆಗಾಲ ಜ್ವರವೆಂದು ಮಲಗಿದ ಇಂದಿರೆ ಏಳಲಿಲ್ಲ. ಆಟ ಅಲ್ಲಿಗೆ ನಿಂತಿತು.

ಅದು ಅದಿರಿನ ಕಾಲ. ಬಳ್ಳಾರಿಯ ರಸ್ತೆಗಳಲ್ಲಿ ಹಗಲಿರುಳು ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಅವು ಎಬ್ಬಿಸಿದ ಕೆಂಪು ಧೂಳು ತುಳಸಿಯ ಎಲೆ, ದೇವರ ಫೋಟೋ, ಮೊಸರಿನ ಕೆನೆ ಎಲ್ಲದರ ಮೇಲೂ ಪಕ್ಷಪಾತವಿಲ್ಲದೆ ಕೂಡುತ್ತಿತ್ತು. ನಿನ್ನೆ ಸೈಕಲ್ಲಿನಲ್ಲಿ ಕಂಡವರು ಇಂದು ಕಾರಿನಲ್ಲಿ ಕಾಣುತ್ತಿದ್ದರು, ಆಗೀಗ ಹೆಲಿಕಾಪ್ಟರ್ ಹಾರಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಇಂದಿರೆ ಇದ್ದಾಗಲೇ ನಮ್ಮ ಪಕ್ಕದ ಮನೆಯ ಕಿರಾಣಿ ಅಂಗಡಿಯವರು ಲಾರಿಗಳ ಧಣಿಗಳಾಗಿ, ಹಳೆಯ ಮನೆಯನ್ನು ಕೆಡವಿ ಮೂರಂತಸ್ತು ಏರಿಸಿ, ಮಾಳಿಗೆಯ ಮೇಲೆ ನೀಲಿ ಬಿಲ್ಲೆಗಳ ಈಜುಕೊಳವೊಂದನ್ನು ಕಟ್ಟಿಸಿದರು. ಬಚ್ಚಲಿಗೆ ದಿನ ಬಿಟ್ಟು ದಿನ ನೀರು ಬರುವ ಓಣಿಯಲ್ಲಿ ಅದು ಒಂದು ಪ್ರೇಕ್ಷಣೀಯ ಸ್ಥಳವೇ ಆಯಿತು. ಅದರಲ್ಲಿ ಮನುಷ್ಯರು ಈಜಿದ್ದನ್ನು ಕಂಡವರಿಲ್ಲ. ಕಾಗೆಗಳು ಮಾತ್ರ ತಪ್ಪದೆ ಸ್ನಾನ ಮಾಡುತ್ತಿದ್ದವು.

ಇಂದಿರೆ ಹೋದ ಮೇಲೆ ಸಂಜೆಗಳು ಉದ್ದವಾದವು. ಮನೆಯಲ್ಲಿ ಕೂತರೆ ನನ್ನ ಚಪ್ಪಲಿಯ ಸಪ್ಪಳ ನನಗೇ ಕೇಳುತ್ತಿತ್ತು. ಕೌಲ್ ಬಜಾರಿನಲ್ಲಿ ನನ್ನ ಹಳೆಯ ಶಿಷ್ಯ ಮಹಬೂಬ ಒಂದು ಬ್ರೌಸಿಂಗ್ ಸೆಂಟರ್ ತೆರೆದಿದ್ದ. ಅವನ ತಂದೆಯ ಕಾಲದಲ್ಲಿ ಅಲ್ಲಿ ಗಡಿಯಾರ ರಿಪೇರಿ ನಡೆಯುತ್ತಿತ್ತು. ಗೋಡೆಯ ಮೇಲೆ ಒಂದಕ್ಕೊಂದು ಒಪ್ಪದ ಹೊತ್ತು ತೋರಿಸುವ ಕೆಲವು ಗಡಿಯಾರಗಳು ಇನ್ನೂ ಇದ್ದವು. ಪ್ಲೈವುಡ್ಡಿನ ಗೂಡುಗಳಲ್ಲಿ ಒಂದೊಂದು ಕಂಪ್ಯೂಟರು. ಒಂದು ಸಂಜೆ ಹಾದುಹೋಗುತ್ತಿದ್ದ ನನ್ನನ್ನು ಕಂಡು, "ಬರ್ರಿ ಸರ, ಒಳಗ ಫ್ಯಾನ್ ಐತಿ, ಒಂದೀಟು ಕುಂದ್ರಬರ್ರಿ" ಎಂದು ಕರೆದ. ಫ್ಯಾನಿನ ಆಸೆಗೆ ಒಳಹೊಕ್ಕವನು ಅವನ ಖಾಯಂ ಗಿರಾಕಿಯಾದೆ. ಮೂಲೆಯ ಗೂಡು ನನ್ನದೆಂದು ಉಳಿದವರೂ ಒಪ್ಪಿಕೊಂಡರು.

ಆ ಗೂಡಿನಲ್ಲಿ ಕೂತು ನಾನು ಕಂಡದ್ದನ್ನು ಏನೆಂದು ವರ್ಣಿಸಲಿ. ಪತ್ರಿಕೆಯ ಮೂಲೆಯಲ್ಲಿ ವಾರಕ್ಕೊಂದು ಸಿಗುತ್ತಿದ್ದ ವಿಚಿತ್ರಗಳು ಇಲ್ಲಿ ಉಗ್ರಾಣ ಒಡೆದಂತೆ ಸುರಿಯುತ್ತಿದ್ದವು. ನೀರಿಗೆ ಬಿದ್ದ ಹಕ್ಕಿಗಳ ದೇಹ ಉಪ್ಪುಗಟ್ಟಿ ಕಲ್ಲಿನ ಬೊಂಬೆಗಳಂತಾಗುವ ಸರೋವರ. ಯಾರೂ ತಳ್ಳದೆ ಮರುಭೂಮಿಯಲ್ಲಿ ಸರಿದು ತಮ್ಮ ಹಿಂದೆ ಗೆರೆ ಉಳಿಸುವ ಬಂಡೆಗಳು. ಗಣಿಗೆ ಹತ್ತಿದ ಬೆಂಕಿ ನೆಲದಡಿಯಲ್ಲಿ ದಶಕಗಳಿಂದ ಉರಿಯುತ್ತಲೇ ಇರುವ, ಜನರೆಲ್ಲ ಬಿಟ್ಟುಹೋದ ಊರು. ಅದೆಲ್ಲ ಇರಲಿ, ನಮ್ಮ ಸಂಗನಕಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ, ಪ್ರಾಚೀನ ಮಾನವರು ಅವನ್ನು ಬಾರಿಸುತ್ತಿದ್ದಿರಬೇಕು ಎಂಬುದೂ ನನಗೆ ತಿಳಿದದ್ದು ಅಲ್ಲಿಯೇ, ಯಾವುದೋ ದೂರದೇಶದವನು ಬರೆದ ಪುಟದಿಂದ. ಊರಂಚಿನ ಗುಡ್ಡದ ಸುದ್ದಿ ಸಪ್ತಸಾಗರ ದಾಟಿ ಬಂದು ಇತಿಹಾಸದ ಮೇಷ್ಟ್ರಿಗೆ ತಲುಪಿತೆಂಬ ನಾಚಿಕೆಯಲ್ಲಿ ನಾನು ಆ ದಿನ ಬೇಗ ಎದ್ದು ಮನೆಗೆ ಹೋದೆ.

ಮನೆಗೆ ಹೋಗಿ ಮಾಡುವುದೇನು? ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಓದುಗರು ನಗಬಾರದು, ನಿಜವಾಗಿಯೂ ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಒಲೆಯ ಕಟ್ಟೆ ಖಾಲಿ ಇರುವುದು ಕಂಡಿತು. ದುಃಖವನ್ನು ಒಬ್ಬನೇ ಹೇಗೋ ಅನುಭವಿಸಬಹುದು, ಹಸಿವನ್ನೂ ಅನುಭವಿಸಬಹುದು; ಅಚ್ಚರಿಯನ್ನು ಮಾತ್ರ ಒಬ್ಬನೇ ಇಟ್ಟುಕೊಳ್ಳುವುದು ಕಷ್ಟ. ಅದು ಇನ್ನೊಬ್ಬರಿಗೆ ಹೇಳುವವರೆಗೆ ಎದೆಯಲ್ಲಿ ಕೂತು ಕಿರಿಕಿರಿ ಮಾಡುತ್ತದೆ. ಮಹಬೂಬನಿಗೆ ಹೇಳುತ್ತಿದ್ದೆ, ಅವನು "ಹೌದೇನ್ರಿ ಸರ?" ಎಂದು ಗೌರವದಿಂದ ಕೇಳುತ್ತಿದ್ದ. ಆದರೆ ಗೌರವದಿಂದ ಕೇಳುವವರಿಗೆ ಹೇಳುವುದರಲ್ಲಿ ಸುಖವಿಲ್ಲ. ನನಗೆ ಬೇಕಾಗಿದ್ದದ್ದು ರೋಮಾಂಚವನ್ನು ಅರ್ಧಕ್ಕೆ ಇಳಿಸುವ ಆ ಹಳೆಯ ತೀರ್ಪು.

ಹೀಗಿರುವಾಗ ಒಂದು ಸಂಜೆ ಮಹಬೂಬ, "ಸರ, ಇವತ್ತು ನಿಮಗ ನಿಮ್ಮ ಮನೀನ ತೋರಸ್ತೀನಿ, ನೋಡ್ರಿ" ಎಂದು ನನ್ನ ಗೂಡಿಗೆ ಬಂದ. ಉಪಗ್ರಹಗಳು ಆಕಾಶದಿಂದ ತೆಗೆದ ಭೂಮಿಯ ಚಿತ್ರಗಳು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡುವಂತೆ ಬಂದಿದ್ದವು. ಭೂಗೋಳ ತಿರುಗುತ್ತ ತಿರುಗುತ್ತ ಹತ್ತಿರವಾಗಿ, ಬಳ್ಳಾರಿ ಕಂಡಿತು. ಕೋಟೆಯ ಏಕಶಿಲೆಯ ಬೆಟ್ಟ ಒಂದು ಬೋಳುತಲೆಯಾಗಿ ಕಂಡಿತು. ದಾರಿಯಿಂದ ನೋಡಿದರೆ ಆಕಾಶಕ್ಕೆ ಮುಖಮಾಡಿ ಮಲಗಿದ ಮನುಷ್ಯನಂತಿರುವ ಕುಂಬಾರ ಗುಡ್ಡ, ಆಕಾಶದಿಂದ ನೋಡಿದರೆ ಮುಖವೇ ಇಲ್ಲದೆ ಬರೀ ಕಲ್ಲಾಗಿತ್ತು. ಪಶ್ಚಿಮಕ್ಕೆ ಸರಿದರೆ ಹಸಿರು ಬೆಟ್ಟಗಳ ನಡುವೆ ಚರ್ಮ ಸುಲಿದಂತೆ ಕೆಂಪು ಗಾಯಗಳು. ಮಹಬೂಬ ನಮ್ಮ ಓಣಿಯನ್ನು ಹಿಡಿದು ಬೆರಳಿಟ್ಟ. ನಮ್ಮ ಮಾಳಿಗೆ ಕಂಡಿತು. ಅದರ ನಡುವೆ, ಸ್ವಲ್ಪ ಅಡಿಗೆಮನೆಯ ಕಡೆಗೆ, ಒಂದು ಬಿಳಿಯ ಚೌಕ ಇತ್ತು.

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅದು ನನ್ನ ಹಳೆಯ ಪಂಚೆ. ಪ್ರತಿ ಬೇಸಿಗೆಯಲ್ಲಿ ಇಂದಿರೆ ಅದನ್ನು ಎರಡು ಮಡಿಕೆ ಮಾಡಿ ಸರಿಯಾಗಿ ಅದೇ ಜಾಗದಲ್ಲಿ ಹಾಸಿ, ನಾಲ್ಕು ಮೂಲೆಗೆ ತನ್ನ ತವರಾದ ಕುರುಗೋಡಿನ ಗುಡ್ಡದಿಂದ ತಂದ ನುಣುಪಾದ ಕಲ್ಲುಗಳನ್ನಿಟ್ಟು, ಅದರ ಮೇಲೆ ಸಂಡಿಗೆ ಇಡುತ್ತಿದ್ದಳು. ಯಾವುದೋ ಬೇಸಿಗೆಯ ಯಾವುದೋ ಬೆಳಿಗ್ಗೆ, ಅವಳು ಬದುಕಿದ್ದ ಹೊತ್ತಿನಲ್ಲಿ, ಒಂದು ಯಂತ್ರ ಆಕಾಶದಲ್ಲಿ ಹಾದುಹೋಗುತ್ತ ಅವಳ ಸಂಡಿಗೆಯನ್ನು ನೋಡಿಕೊಂಡು ಹೋಗಿದೆ. ಸತ್ತ ಹಕ್ಕಿ ಕಲ್ಲಾಗುವ ಸರೋವರ ಇದರ ಮುಂದೆ ಏನು? ಚಿತ್ರದೊಳಗೆ ಇನ್ನೂ ಬೇಸಿಗೆ ಇತ್ತು. ಚಿತ್ರದೊಳಗೆ, ಆ ಮಾಳಿಗೆಯ ಕೆಳಗೆ, ಅವಳು ಕೈ ತೊಳೆದುಕೊಳ್ಳುತ್ತಿದ್ದಿರಬೇಕು.

ಅಂದಿನಿಂದ ದಿನವೂ ಹೋಗಿ ಆ ಬಿಳಿಯ ಚೌಕವನ್ನು ನೋಡುವುದು ನನ್ನ ಸಂಧ್ಯಾವಂದನೆಯಾಯಿತು. ಪಕ್ಕದಲ್ಲೇ ಧಣಿಗಳ ಈಜುಕೊಳ ನೀಲಿಯಾಗಿ ಹೊಳೆಯುತ್ತಿತ್ತು. ಅದರ ಮೇಲಿಂದ ನನ್ನ ದೃಷ್ಟಿ ಹೇಗೋ ಜಾರಿಕೊಂಡು ಹೋಗುತ್ತಿತ್ತು. ನನ್ನ ಭಯವೇ ಬೇರೆ. ಈ ಚಿತ್ರಗಳು ಎಂದಿಗೂ ಹೀಗೆಯೇ ಇರುತ್ತವೆಯೇ ಎಂದು ಕೇಳಿದ್ದಕ್ಕೆ ಮಹಬೂಬ, "ಇಲ್ರಿ ಸರ. ಹೊಸಾದು ತೆಗದ್ರ ಹಳೇದು ಹೋಗ್ತೈತಿ. ಯಾವಾಗ ಅಂತ ಅವರೇನು ನಮಗ ಹೇಳಿ ಮಾಡಂಗಿಲ್ಲ" ಎಂದಿದ್ದ. ಇವತ್ತು ಇದ್ದದ್ದು ನಾಳೆ ಬಂದಾಗ ಇರಲಿಕ್ಕಿಲ್ಲ. ಒಮ್ಮೆ ಕಳೆದುಕೊಂಡದ್ದನ್ನು ಇನ್ನೊಮ್ಮೆ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಇದನ್ನು ಕಾಗದಕ್ಕೆ ಇಳಿಸಿಕೊಡು ಎಂದು ಕೇಳಿದೆ. ಬಣ್ಣದ ಶಾಯಿ ಮುಗಿದಿತ್ತು. ಮಹಬೂಬ ಕಪ್ಪು ಬಿಳುಪಿನ ಒಂದು ಪ್ರತಿಯನ್ನು ತೆಗೆದುಕೊಟ್ಟು, ನಾನು ಎಷ್ಟು ಹೇಳಿದರೂ ಅದಕ್ಕೆ ದುಡ್ಡು ಮುಟ್ಟಲಿಲ್ಲ.

ಇದನ್ನು ತೋರಿಸಬೇಕಾದ ಜೀವ ಲೋಕದಲ್ಲಿ ಇನ್ನೊಂದೇ ಇತ್ತು. ಇಂದಿರೆಯ ತಂಗಿ ಪದ್ಮ, ಸಿರುಗುಪ್ಪದಲ್ಲಿ ಇದ್ದಾಳೆ. ಅವಳ ಯಜಮಾನರು ಅಲ್ಲಿ ಶಾಲಾ ಮೇಷ್ಟ್ರು. ಮರುದಿನವೇ ಕಾಗದವನ್ನು ಒಂದು ಹಳೆಯ ಪಂಚಾಂಗದ ನಡುವೆ ಮಡಿಕೆ ಬೀಳದಂತೆ ಇಟ್ಟುಕೊಂಡು ಬಸ್ಸು ಹತ್ತಿದೆ. ಬಳ್ಳಾರಿಯ ಕೆಂಪು ಹಿಂದಾಗಿ, ಕಾಲುವೆಯ ನೀರು ಕಂಡು, ಭತ್ತದ ಹಸಿರು ಎರಡೂ ಕಡೆ ಹರಡಿಕೊಂಡಿತು. ಅಕ್ಕಿ ಗಿರಣಿಗಳ ತೌಡಿನ ವಾಸನೆ ಬಂದಾಗ ಊರು ಬಂತೆಂದು ತಿಳಿಯಿತು. ಇಷ್ಟು ದಿನದ ಮೇಲೆ, ಹೇಳಲು ಏನೋ ಇರುವ ಮನುಷ್ಯನಂತೆ ನಾನು ಬಸ್ಸಿನಿಂದ ಇಳಿದೆ.

ಪದ್ಮ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ಬಂತು. ಅದನ್ನು ಸೆರಗಿನಿಂದ ಒರೆಸಿಕೊಂಡು, ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, "ಈ ಕರೀದು ಏನದ ಭಾವಾ?" ಎಂದಳು.

"ಅದು ಪಕ್ಕದ್ಮನಿಯವರ ಈಜುಕೊಳ" ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಪದ್ಮ ಒಮ್ಮೆ ನನ್ನನ್ನು, ಒಮ್ಮೆ ಕಾಗದವನ್ನು ನೋಡಿದಳು. ಅವಳ ಧ್ವನಿ ಮೆತ್ತಗಾಯಿತು. "ಭಾವಾ, ಆ ಮನಿ ಕಟ್ಟಲಿಕ್ಕೆ ಹತ್ತಿದ ಮ್ಯಾಲೆ ಅಕ್ಕ ಅಲ್ಲಿ ಸಂಡಿಗಿ ಹಾಕೇ ಇಲ್ಲಲಾ. ಧೂಳಿಗೆ ಎಲ್ಲಾ ಕೆಂಪಾಗ್ತಾವ, ಹಲ್ಲಿಗೆ ಕರಕರ ಅಂತಾವ ಅಂತ ಇಲ್ಲಿಗೇ ಬರ್ತಿದ್ಲು. ನಮ್ಮ ಮಾಳಿಗಿ ಮ್ಯಾಲೇ ಇಬ್ಬರೂ ಕೂಡಿ ಹಾಕ್ತಿದ್ವಿ."

ಹೌದು. ಕೊನೆಯ ಬೇಸಿಗೆಗಳಲ್ಲಿ ಅವಳು ಖಾಲಿ ಡಬ್ಬಿಗಳನ್ನು ಹಿಡಿದು ಸಿರುಗುಪ್ಪಕ್ಕೆ ಬರುತ್ತಿದ್ದಳು, ತುಂಬಿದ ಡಬ್ಬಿಗಳನ್ನು ಹಿಡಿದು ಮರಳುತ್ತಿದ್ದಳು. ನಾನೇ ಬಸ್ಸಿಗೆ ಹತ್ತಿಸಿದ್ದೇನೆ, ನಾನೇ ಇಳಿಸಿಕೊಂಡಿದ್ದೇನೆ. ಈಜುಕೊಳ ಚಿತ್ರದಲ್ಲಿ ಇದೆ ಎಂದ ಮೇಲೆ ಆ ಬಿಳಿಯ ಚೌಕ ಸಂಡಿಗೆಯಾಗಿರಲು ಸಾಧ್ಯವಿಲ್ಲ. ತರಗತಿಯಲ್ಲಿ ಹುಡುಗರಿಗೆ ಕಾಲಕ್ರಮ, ಕಾಲಕ್ರಮ ಎಂದು ಮೇಜು ಕುಟ್ಟಿ ಹೇಳಿದ ಮನುಷ್ಯ, ಅಂಗೈ ಅಗಲದ ಚಿತ್ರದಲ್ಲಿ ಪಕ್ಕಪಕ್ಕದಲ್ಲಿದ್ದ ನೀಲಿ ಮತ್ತು ಬಿಳಿಗಳನ್ನು ಹೊಂದಿಸಿ ನೋಡಿರಲಿಲ್ಲ. ನೋಡಲು ಮನಸ್ಸಿರಲಿಲ್ಲ ಎನ್ನುವುದು ಹೆಚ್ಚು ಸರಿ. ನಾನು ಕಾಗದವನ್ನು ಪಂಚಾಂಗದಲ್ಲಿ ಮತ್ತೆ ಇಟ್ಟುಕೊಂಡೆ. ಪದ್ಮ ಕಾಫಿ ತಂದಳು, ಅದು ಆರಿಹೋಯಿತು.

ನನ್ನ ಮುಖ ನೋಡಲಾರದೆಯೋ ಏನೋ, ಅವಳೇ ಕೇಳಿದಳು: "ಹಂಗಾದ್ರ ನಮ್ಮನಿ ಕಾಣ್ತದೇನು ಅದ್ರಾಗ?" ಬಸ್ ಸ್ಟ್ಯಾಂಡಿನ ಹತ್ತಿರ ಅಲ್ಲಿಯೂ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಜನ್ಮದಲ್ಲಿ ಕಂಪ್ಯೂಟರನ್ನು ಮುಟ್ಟಿರದ ಪದ್ಮ ಸೆರಗು ಹೊದ್ದುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ದೇವಸ್ಥಾನದಲ್ಲಿ ಕೂತಂತೆ ಕೂತಳು. ನಾನು ಭೂಗೋಳವನ್ನು ತಿರುಗಿಸಿ ಸಿರುಗುಪ್ಪಕ್ಕೆ ತಂದೆ. ಆ ದಿನಗಳಲ್ಲಿ ದೊಡ್ಡ ಊರುಗಳಿಗಷ್ಟೇ ಸ್ಪಷ್ಟ ಚಿತ್ರದ ಭಾಗ್ಯ. ಸಣ್ಣ ಊರುಗಳನ್ನು ಆ ಯಂತ್ರ ಕಣ್ಣು ಕಿರಿದು ಮಾಡಿ ನೋಡಿದಂತಿತ್ತು. ತುಂಗಭದ್ರೆ ಒಂದು ಮಾಸಲು ಪಟ್ಟಿ. ಭತ್ತದ ಗದ್ದೆಗಳೆಲ್ಲ ಸೇರಿ ಒಂದು ಹಸಿರು ಕಲೆ. ಅದರ ನಡುವೆ ಊರೆಂಬುದು ಹೆಬ್ಬೆಟ್ಟು ಒತ್ತಿದಷ್ಟು ಬೂದುಬಣ್ಣದ ಮಬ್ಬು. ಓಣಿ ಇಲ್ಲ, ಮನೆ ಇಲ್ಲ, ಮಾಳಿಗೆ ಇಲ್ಲ. ಹತ್ತಿರ ಹೋದಷ್ಟೂ ಇನ್ನಷ್ಟು ಮಬ್ಬು. ಇಲ್ಲಿ ಏನೂ ಕಾಣುವುದಿಲ್ಲ ಪದ್ಮ, ಏಳು, ಎಂದೆ.

ಅವಳು ಏಳಲಿಲ್ಲ. ಆ ಬೂದು ಮಬ್ಬನ್ನೇ ನೋಡುತ್ತ ಕೂತಳು. ಆಮೇಲೆ ನಿಧಾನವಾಗಿ, ಅವಳ ಅಕ್ಕನ ಧ್ವನಿಯೇ ಎಂದು ನಾನು ಬೆಚ್ಚುವಂತೆ, "ಇರ್ಲಿ ಬಿಡ್ರಿ" ಎಂದಳು. "ಈ ಮಬ್ಬಿನಾಗ ಎಲ್ಲೋ ಅದಾಳ. ನಾನೂ ಅದೀನಿ ಬಾಜೂಕ. ಹಿಟ್ಟು ತೆಳ್ಳಗಾತು ಅಂತ ನನ್ನ ಬಯ್ಲಿಕ್ಕೆ ಹತ್ಯಾಳ."

ಬಳ್ಳಾರಿಗೆ ಮರಳಿದವನು ಚೀಲವನ್ನೂ ಇಳಿಸದೆ ಮಾಳಿಗೆ ಹತ್ತಿದೆ. ಸಂಡಿಗೆಯಲ್ಲದಿದ್ದರೆ ಆ ಬಿಳಿ ಯಾವುದು? ಮಾಳಿಗೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಕೆಂಪಾಗಿತ್ತು. ಒಂದು ಬಿಂದಿಗೆ ನೀರು ತಂದು ಪಂಚೆ ಹಾಸುತ್ತಿದ್ದ ಜಾಗದಲ್ಲಿ ಸುರಿದು ಪೊರಕೆಯಿಂದ ತಿಕ್ಕಿದೆ. ಕೆಂಪು ನೀರು ಹರಿದು ಹೋಯಿತು. ಕೆಳಗಿನಿಂದ ಬಿಳಿ ಎದ್ದು ಬಂತು. ನೆನಪಾಯಿತು. ಪಕ್ಕದ ಮನೆ ಕಟ್ಟುವ ಕೆಲಸದ ಹೊಡೆತಕ್ಕೆ ನಮ್ಮ ಮಾಳಿಗೆ ಬಿರುಕುಬಿಟ್ಟು ಅಡಿಗೆಮನೆ ಸೋರತೊಡಗಿದಾಗ ಗೌಂಡಿಯೊಬ್ಬ ಬಂದು ಬಳಿದುಹೋಗಿದ್ದ ಬಿಳಿ ಸಿಮೆಂಟಿನ ತೇಪೆ. ಇಷ್ಟು ದಿನ ನಾನು ಕೈಮುಗಿದದ್ದು ಇದಕ್ಕೆ. ಪೊರಕೆಯನ್ನು ಹಿಡಿದುಕೊಂಡೇ ಅದರ ಪಕ್ಕದಲ್ಲಿ ಕೂತು ನಾನು ಅತ್ತೆ. ಅವಳು ಹೋದ ದಿನ ಬಂದವರ ನಡುವೆ ಅಳಲು ಆಗಿರಲಿಲ್ಲ. ಈಜುಕೊಳದ ದಂಡೆಯ ಕಾಗೆಗಳು ಕತ್ತು ಓರೆಮಾಡಿ ನೋಡುತ್ತಿದ್ದವು.

ಮಹಬೂಬನಿಗೆ ವಿಷಯ ಹೇಳಿದಾಗ ಅವನು ಸಮಾಧಾನದ ಮಾತಾಡಲಿಲ್ಲ. ಗೋಡೆಯ ಗಡಿಯಾರಗಳನ್ನು ನೋಡುತ್ತ, "ನಮ್ಮ ಅಬ್ಬಾ ಹೋದ ಮ್ಯಾಲೆ ನಾನೂ ಇವಕ್ಕ ದಿನಾ ಚಾವಿ ಕೊಡ್ತಿದ್ನಿ ಸರ" ಎಂದಷ್ಟೇ ಹೇಳಿ ನನಗೆ ಚಹಾ ತರಿಸಿದ. ಆ ಸಂಜೆಯ ಮೇಲೆ ನಾನು ಅವನಿಗೆ ಹೇಳುವ ಅದ್ಭುತಗಳಿಗೆ ಅವನು ಗೌರವ ಕೊಡುವುದನ್ನು ಬಿಟ್ಟು ವಾದ ಮಾಡತೊಡಗಿದ. ಅದು ಎಷ್ಟೋ ಹಿತವಾಯಿತು.

ಮುಂದಿನ ಬೇಸಿಗೆಗೆ ಪದ್ಮ ಹೇಳದೆ ಕೇಳದೆ ಬಂದಳು. ಚೀಲದಲ್ಲಿ ಸಿರುಗುಪ್ಪದ ಭತ್ತದ ಅರಳು, ಒಂದು ಬೂದುಗುಂಬಳಕಾಯಿ. ಧೂಳು ಕಡಿಮೆಯಾಗಿಲ್ಲ, ಇಲ್ಲಿ ಹಾಕಿದರೆ ಒಂದೂ ತಿನ್ನಲು ಬಾರದು ಎಂದು ನಾನು ಎಚ್ಚರಿಸಿದೆ.

"ತಿನ್ನಲಿಕ್ಕಲ್ಲ ಭಾವಾ, ಕಾಣಲಿಕ್ಕೆ" ಎಂದಳು.

ನಾನು ಬೇರೇನೂ ಕೇಳದೆ ಪಂಚೆಯನ್ನು ಹುಡುಕಿ ತಂದೆ. ಅದನ್ನು ಎರಡು ಮಡಿಕೆ ಮಾಡಿ ತೇಪೆಯ ಮೇಲೆಯೇ ಹಾಸಿದೆವು. ಕುರುಗೋಡಿನ ಕಲ್ಲುಗಳು ತುಳಸಿಕಟ್ಟೆಯ ಹಿಂದೆ ಸಿಕ್ಕವು. ಚಿಕ್ಕವರಿದ್ದಾಗ ಕುರುಗೋಡಿನ ಮನೆಯ ಹಿಂದಿನ ಹಾಸುಬಂಡೆಯ ಮೇಲೆ ಅಕ್ಕತಂಗಿಯರು ತಾಯಿಗೆ ತಿಳಿಯದಂತೆ ಹಸಿ ಸಂಡಿಗೆ ತಿಂದು, ಕಾಗೆ ತಿಂದಿತೆಂದು ಹೇಳುತ್ತಿದ್ದ ಕಥೆಯನ್ನು ಪದ್ಮ ಹೇಳುತ್ತ ಹೇಳುತ್ತ ಸಾಲು ಸಾಲಾಗಿ ಸಂಡಿಗೆ ಇಟ್ಟಳು. ಇಂದಿರೆ ಈ ಕಥೆಯನ್ನು ನನಗೆ ಹೇಳಿರಲಿಲ್ಲ. ಇಷ್ಟು ಕಾಲದ ಮೇಲೆ ಅವಳ ಬಗ್ಗೆ ಒಂದು ಹೊಸ ಸಂಗತಿ ತಿಳಿಯಿತು. ನಾನು ಗೂಡಿನಲ್ಲಿ ಕೂತು ಕಂಡ ವಿಚಿತ್ರಗಳಲ್ಲೊಂದೂ ನನ್ನನ್ನು ಇಷ್ಟು ಬೆರಗುಗೊಳಿಸಿರಲಿಲ್ಲ.

ಪದ್ಮ ಕೈ ತೊಳೆಯಲು ಕೆಳಗಿಳಿದಳು. ನಾನು ಕಪ್ಪು ಕೊಡೆಯನ್ನು ತಂದು, ಪದ್ಧತಿಯಂತೆ ಬಿಚ್ಚಿ, ಪಂಚೆಯ ಪಕ್ಕದಲ್ಲಿ ಇಟ್ಟೆ. ಇಟ್ಟು, ಮೇಲೆ ನೋಡಿದೆ. ಮೋಡವಿಲ್ಲದ, ಸ್ವಲ್ಪ ಕೆಂಪು ಬೆರೆತ ಆಕಾಶ. ಅಲ್ಲಿಂದ ನೋಡುವವರಿಗೆ ಕೊಡೆಯ ಕೆಳಗೆ ಯಾರಿದ್ದಾರೆಂದು ಹೇಗೆ ಗೊತ್ತಾಗಬೇಕು? ಕೊಡೆಯನ್ನು ಮಡಚಿ ಗೋಡೆಗೆ ಒರಗಿಸಿ, ತಲೆಗೆ ಟವಲು ಸುತ್ತಿಕೊಂಡು ನಾನೇ ಬಿಸಿಲಲ್ಲಿ ಕೂತೆ. ಈಜುಕೊಳದಿಂದ ಕಾಗೆಯೊಂದು ಹಾರಿ ಬಂದು ಗೋಡೆಯ ಮೇಲೆ ಕೂತು, ನನ್ನನ್ನು ನೋಡಿ, ಹಿಂದಕ್ಕೆ ಹೋಯಿತು.